ಎಡಬದಿಯ ಅರ್ಧ ಅಂಕಣ

ಏಪ್ರಿಲ್ 2, ಬುಧವಾರ

ಪರೀಕ್ಷೆ ನಿನ್ನೆ ಮುಗಿಯಿತು. ರಜೆಯಲ್ಲಿ ದಿನಾ ಎಷ್ಟು ಅಭ್ಯಾಸ ಮಾಡಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡು, ಜೂನಿನಲ್ಲಿ ನೋಡುತ್ತೇನೆ ಎಂದು ನಮ್ಮ ಬಾಸ್ಕೆಟ್‌ಬಾಲ್ ಕೋಚ್ ಹರಿನಾಥ ಸರ್ ಹೇಳಿದ್ದಾರೆ. ಅವರಿಗೆ ತೋರಿಸುವ ಪುಸ್ತಕ ಬೇರೆ. ಇದು ನನ್ನದು. ಇದರಲ್ಲಿ ಯಾರ ಮೇಲೆ ಎಷ್ಟು ಸಿಟ್ಟು ಎಂಬುದನ್ನೂ ಬರೆಯಬಹುದು.

ಮೊದಲ ಸಿಟ್ಟು ಹರಿನಾಥ ಸರ್ ಮೇಲೆಯೇ. ಮಾರ್ಚಿನ ಫೈನಲ್ ಸೋತದ್ದಕ್ಕೆ ಅವರು ನನ್ನೊಬ್ಬಳನ್ನೇ ಹಿಡಿದುಕೊಂಡಿದ್ದಾರೆ. ಪಯ್ಯನ್ನೂರಿನ ತಂಡ ಒಂದು ಅಂಕ ಮುಂದಿತ್ತು. ಎಂಟು ಸೆಕೆಂಡ್ ಬಾಕಿ, ಚೆಂಡು ನನ್ನ ಕೈಯಲ್ಲಿ. ಯಾವಾಗಲೂ ಹೋಗುವ ಹಾಗೆ ಬಲಕ್ಕೆ ಹೋದೆ. ಅಲ್ಲಿ ಅವರ ಇಬ್ಬರು ಹುಡುಗಿಯರು ಬಸ್ಸಿಗೆ ಕಾದವರ ಹಾಗೆ ನನಗಾಗಿ ಕಾದು ನಿಂತಿದ್ದರು. ಚೆಂಡು ಹೋಯಿತು, ಸೀಟಿ ಆಯಿತು, ಮುಗಿಯಿತು.

ಎಡಗಡೆ ರಿಂಗಿನ ಕೆಳಗೆ ಶಹಾನಾ ಒಬ್ಬಳೇ ನಿಂತಿದ್ದಳಂತೆ. ಮೂರು ಸಲ ಕೂಗಿದೆ ಎಂದು ಅವಳು ಹೇಳುತ್ತಾಳೆ. ನನಗೆ ಒಂದು ಸಲವೂ ಕೇಳಿಸಲಿಲ್ಲ. ಕೇಳಿಸದಿದ್ದರೆ ಕೂಗಿಲ್ಲ ಎಂದೇ ಅರ್ಥ. ತಂಡದ ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ, ಇಲ್ಲಿಯೂ ಹಾಗೆಯೇ ಬರೆಯುತ್ತಿದ್ದೇನೆ.

ಸರ್ ಹೇಳಿದ್ದು: "ಮೆರ್ಲಿನ್, ನಿಂಗೆ ಇರುದು ಒಂದೇ ಕೈ. ಅದು ಬಲಗೈ ಅಂತ ಇಡೀ ಜಿಲ್ಲೆಗೆ ಗೊತ್ತುಂಟು. ಮತ್ತೆ ನೀನು ಚೆಂಡನ್ನೇ ನೋಡಿಕೊಂಡು ಓಡ್ತೀ. ಅದು ಎಂತ, ನಿನ್ನನ್ನು ಬಿಟ್ಟು ಓಡಿ ಹೋಗ್ತದಾ?"

ಜೂನ್ ಹದಿನಾಲ್ಕಕ್ಕೆ ಪಯ್ಯನ್ನೂರಿನವರು ನಮ್ಮ ಕಾಲೇಜಿಗೆ ಪಂದ್ಯಕ್ಕೆ ಬರುತ್ತಾರೆ. ಈ ವರ್ಷ ಗಾರ್ಡ್ ಯಾರೆಂದು ಸರ್ ಅವತ್ತು ತೀರ್ಮಾನ ಮಾಡುತ್ತಾರಂತೆ. ಚೆಂಡನ್ನು ತಂದು ಆಟ ಶುರು ಮಾಡುವವಳೇ ಗಾರ್ಡ್. ಎರಡು ವರ್ಷ ಆ ಜಾಗ ನನ್ನದು. ನಾನು ಸುಧಾರಿಸದಿದ್ದರೆ ಸೋನಿಯಾಳಿಗೆ ಕೊಡುತ್ತಾರಂತೆ. ಸೋನಿಯಾ! ಮೊದಲ ವರ್ಷದ ಹುಡುಗಿ, ಶೂ ಲೇಸು ಸರಿಯಾಗಿ ಕಟ್ಟಲು ಈಗ ಕಲಿತವಳು. ನಾನು ಕೊನೆಯ ವರ್ಷವಿಡೀ ಬೆಂಚಿನಲ್ಲಿ ಕೂತು ಅವಳಿಗೆ ನೀರಿನ ಬಾಟಲಿ ಎತ್ತಿ ಕೊಡಬೇಕು.

ನಿರ್ಧಾರ: ದಿನಕ್ಕೆ ಮುನ್ನೂರು ಶಾಟ್, ನೂರು ಫ್ರೀ ಥ್ರೋ. ಎಡಗೈಗೆ ಕೊನೆಯಲ್ಲಿ ಹತ್ತು ನಿಮಿಷ, ಸರ್‌ನ ಸಮಾಧಾನಕ್ಕೆ.

ಏಪ್ರಿಲ್ 3, ಗುರುವಾರ

ಬೆಳಿಗ್ಗೆ ಏಳೂವರೆಗೆ ಚೆಂಡು ಹಿಡಿದುಕೊಂಡು ಇಗರ್ಜಿಯ ಹಿಂದಿನ ಶಾಲೆಯ ಅಂಕಣಕ್ಕೆ ಹೋದರೆ ಅಲ್ಲಿ ಚಾಪೆಗಳು! ಹದಿನಾಲ್ಕು ಚಾಪೆ, ಅದರ ಮೇಲೆ ಸಾಲು ಸಾಲು ಹಲಸಿನ ಹಪ್ಪಳ. ನಡುವಿನಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದವಳು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಅಜ್ಜಿ ಮಗ್ದಲಿನ್. ಅವಳ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರೆಲ್ಲ ಸೇರಿ ಈ ಸಲ ಹಪ್ಪಳ ಮಾಡುತ್ತಿದ್ದಾರೆ. ಸುತ್ತಮುತ್ತ ಸಿಮೆಂಟು ಹಾಕಿದ ಸಮತಟ್ಟು ಜಾಗ ಅದೊಂದೇ. ಶಾಲೆಗೆ ರಜೆ ಎಂದು ಫಾದರ್ ಒಪ್ಪಿಗೆ ಕೊಟ್ಟಿದ್ದಾರಂತೆ. ನನ್ನ ಹತ್ತಿರ ಯಾರೂ ಕೇಳಲಿಲ್ಲ.

"ಇದು ಆಟದ ಕೋರ್ಟು ಅಜ್ಜಿ," ಎಂದೆ.

"ಆಟ ಎಲ್ಲಿಯೂ ಆಡ್ಲಿಕ್ಕೆ ಆಗ್ತದೆ. ಹಪ್ಪಳ ಎಲ್ಲಿಯೂ ಒಣಗ್ತದಾ?"

"ರಿಂಗು ಇಲ್ಲಿ ಮಾತ್ರ ಉಂಟಲ್ಲ!"

"ಬಿಸಿಲು ಕೂಡ ಇಲ್ಲಿ ಮಾತ್ರ ಉಂಟು."

ಒಂದು ಗಂಟೆ ಜಗಳವಾಡಿದೆವು. ಹೆಂಗಸರೆಲ್ಲ ಕೆಲಸ ಬಿಟ್ಟು ಕೇಳುತ್ತ ಕೂತಿದ್ದರು. ಕೊನೆಗೆ ಒಂದು ಒಪ್ಪಂದವಾಯಿತು. ಆ ಅಂಕಣದಲ್ಲಿ ಒಂದೇ ರಿಂಗು, ಇನ್ನೊಂದು ತುಕ್ಕು ಹಿಡಿದು ಬಿದ್ದು ಎರಡು ವರ್ಷವಾಯಿತು. ರಿಂಗಿನ ಕಡೆ ಮುಖ ಮಾಡಿ ನಿಂತರೆ ಬಲಗಡೆ ಬೆಳಗಿನಿಂದಲೇ ಬಿಸಿಲು, ಅದು ಹಪ್ಪಳಕ್ಕೆ. ಎಡಗಡೆ ಮಾವಿನ ಮರದ ನೆರಳು, ಅದು ನನಗೆ. ಮತ್ತೆ ಒಂದು ಷರತ್ತು. ನಾನು ಅಲ್ಲಿರುವಷ್ಟು ಹೊತ್ತು ಕಾಗೆ ಓಡಿಸುವುದು ನನ್ನ ಕೆಲಸ. ಒಂದು ಹಪ್ಪಳ ಹೋದರೂ ನಾನೇ ಜವಾಬ್ದಾರಿ.

ನಾನು ಬಲಕ್ಕೆ ಓಡಿ ಬಲಗೈಯಲ್ಲಿ ಬಾಸ್ಕೆಟ್ ಹಾಕುವವಳು. ನನ್ನ ದಾರಿಯಲ್ಲಿಯೇ ಹದಿನಾಲ್ಕು ಚಾಪೆ. ನನ್ನ ರಜೆ ಹಾಳಾಯಿತು. ಅಳು ಬರುವಷ್ಟು ಸಿಟ್ಟು ಬಂದಿದೆ.

ಏಪ್ರಿಲ್ 5, ಶನಿವಾರ

ಈಗ ತಪಸ್ಸು ಕಾಲ. ಈಸ್ಟರಿನವರೆಗೆ ಅಜ್ಜಿ ಮೀನು ಬಿಟ್ಟಿದ್ದಾಳೆ, ಮಮ್ಮಿ ಸಕ್ಕರೆ ಬಿಟ್ಟಿದ್ದಾಳೆ, ಡ್ಯಾಡಿ ಸಿಗರೇಟು ಬಿಟ್ಟಿದ್ದೇನೆ ಎನ್ನುತ್ತಾರೆ. "ನೀನು ಎಂತ ಬಿಟ್ಟೆ?" ಎಂದು ಅಜ್ಜಿ ಊಟದ ಹೊತ್ತಿಗೆ ಎಲ್ಲರ ಮುಂದೆ ಕೇಳಿದಳು. ಹೇಗಿದ್ದರೂ ಬಲಗಡೆ ಹೋಗಲು ಜಾಗವಿಲ್ಲ ಎಂಬ ಸಿಟ್ಟಿನಲ್ಲಿ, "ನಾನು ಬಲಗೈ ಬಿಟ್ಟೆ," ಎಂದೆ.

"ಅಂದ್ರೆ?"

"ಈಸ್ಟರಿನವರೆಗೆ ಚೆಂಡನ್ನು ಬಲಗೈಯಲ್ಲಿ ಮುಟ್ಟುದಿಲ್ಲ."

"ತಪಸ್ಸು ಕಾಲ ಮುಕ್ಕಾಲು ಮುಗಿದ ಮೇಲೆ ಶುರು ಮಾಡ್ತೀಯಾ? ಒಳ್ಳೆ ಭಕ್ತೆ ಮಾರಾಯ್ತಿ!"

ಬಾಯಿ ತಪ್ಪಿ ಬಂದ ಮಾತು. ಆದರೆ ಹರಕೆ ಹರಕೆಯೇ. ಎಡಗೈಗೆ ಅಭ್ಯಾಸವಾಗಲಿ ಎಂದು ಸಂಜೆ ಅಜ್ಜಿಗೆ ಚಾದ ಲೋಟವನ್ನೂ ಎಡಗೈಯಲ್ಲಿ ಕೊಟ್ಟೆ. ಅವಳು ಕೈ ನೀಡಲೇ ಇಲ್ಲ. "ಆ ಕೈಯಲ್ಲಿ ಕೊಟ್ಟದ್ದನ್ನು ನನ್ನ ಅರುವತ್ತೆಂಟು ವರ್ಷದಲ್ಲಿ ನಾನು ತಗೊಳ್ಳಲಿಲ್ಲ, ಇನ್ನು ತಗೊಳ್ಳುದೂ ಇಲ್ಲ," ಎಂದಳು. ಲೋಟವನ್ನು ಮೇಜಿನ ಮೇಲೆ ಇಟ್ಟ ಮೇಲೆಯೇ ಎತ್ತಿಕೊಂಡದ್ದು.

ಏಪ್ರಿಲ್ 9, ಬುಧವಾರ

ಎಡಗೈಯಲ್ಲಿ ಓಡಿ ಬಂದು ಏರಿ ಹಾಕುವ ಲೇಅಪ್ ನಲುವತ್ತು, ಒಳಗೆ ಹೋದದ್ದು ಮೂರು. ಅದರಲ್ಲಿ ಒಂದು ಬೋರ್ಡಿನ ದಯೆ.

ಕಾಗೆ ತಿಂದ ಹಪ್ಪಳ ಐದು. ನಾನು ಚೆಂಡು ನೋಡುತ್ತಿದ್ದೆ, ಕಾಗೆ ನನ್ನನ್ನು ನೋಡುತ್ತಿತ್ತು. ನಾನು ಯಾವಾಗ ತಲೆ ತಗ್ಗಿಸುತ್ತೇನೆ ಎಂದು ಅದಕ್ಕೆ ಸರಿಯಾಗಿ ಗೊತ್ತು. ಐದಕ್ಕೂ ಬೈಗುಳ ತಿಂದೆ.

ಏಪ್ರಿಲ್ 14, ಸೋಮವಾರ

ಇವತ್ತಿನದ್ದನ್ನು ಬರೆಯಲು ನಾಚಿಕೆ. ಎಡಗೈಯಿಂದ ತಪ್ಪಿದ ಚೆಂಡು ಹಾರಿ ಹೋಗಿ ಹಸಿ ಹಪ್ಪಳದ ಚಾಪೆಯ ಮೇಲೆ ಬಿತ್ತು. ಬಿದ್ದು ಸುಮ್ಮನಿರಲಿಲ್ಲ, ಮೂರು ಸಾಲು ಉರುಳಿತು. ಆಗಷ್ಟೇ ಒತ್ತಿ ಹಾಕಿದ ಹಪ್ಪಳದ ಮೇಲೆಲ್ಲ ಚೆಂಡಿನ ಚುಕ್ಕಿ ಚುಕ್ಕಿ ಅಚ್ಚು.

ಅಜ್ಜಿ ಒಂದು ಹಪ್ಪಳ ಎತ್ತಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದಳು. "ಇದನ್ನು ಯಾರಿಗೆ ಮಾರುದು?" ಎಂದಳು. "ನಿನ್ನ ಹರಿನಾಥ ಸರ್‌ಗಾ?" ಹೆಂಗಸರೆಲ್ಲ ನಗಲು ಶುರು ಮಾಡಿದರು. ಅಜ್ಜಿ ನಗಲಿಲ್ಲ. ಚುಕ್ಕಿಯ ಹಪ್ಪಳಗಳನ್ನು ಬೇರೆ ಚಾಪೆಯಲ್ಲಿ ಒಣಗಿಸಿ ಬಿಸ್ಕೆಟಿನ ಹಳೇ ಡಬ್ಬಿಗೆ ಹಾಕಿಡಲು ಹೇಳಿದಳು.

ನನಗೆ ಶಿಕ್ಷೆ: ಮಧ್ಯಾಹ್ನವಿಡೀ ಹಪ್ಪಳ ಒತ್ತುವುದು. ಬೇಯಿಸಿ ಕಡೆದ ಹಲಸಿನ ಹಿಟ್ಟಿನ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಮಣೆಯಿಂದ ಒತ್ತಬೇಕು. ಇನ್ನೂರ ಮೂವತ್ತು ಒತ್ತಿದೆ. ಬಲಗೈ ಸೋತು ಹೋಯಿತು, ಕೊನೆಯ ನೂರನ್ನು ಎಡಗೈಯಲ್ಲಿಯೇ ಒತ್ತಿದ್ದು. ಇವತ್ತು ಒಂದೇ ಒಂದು ಶಾಟ್ ಇಲ್ಲ. ಸರ್‌ಗೆ ತೋರಿಸುವ ಪುಸ್ತಕದಲ್ಲಿ ಎಂತ ಬರೆಯುವುದು?

ಏಪ್ರಿಲ್ 20, ಈಸ್ಟರ್ ಭಾನುವಾರ

ಸಾನ್ನ, ಹಂದಿಮಾಂಸ, ಅಜ್ಜಿಗೆ ಕೊನೆಗೂ ಮೀನು. ಹೊಟ್ಟೆ ಬಿರಿಯುವಷ್ಟು ತಿಂದೆ. ಡ್ಯಾಡಿ ಎಲ್ಲರ ಮುಂದೆ ರಾಜಾರೋಷವಾಗಿ ಸಿಗರೇಟು ಹಚ್ಚಿದರು. ನನ್ನ ಬಲಗೈಗೂ ಬಿಡುಗಡೆ.

ಭಾನುವಾರ ಹಪ್ಪಳ ಹಾಕುವುದಿಲ್ಲ. ಇಡೀ ಅಂಕಣ ನನ್ನದೇ. ಸಂಜೆ ಚೆಂಡು ತೆಗೆದುಕೊಂಡು ಹೋದೆ. ಎಷ್ಟು ದಿನದ ಆಸೆ! ಬಲಕ್ಕೆ ಓಡಿ ಬಲಗೈಯಲ್ಲಿ ಇಪ್ಪತ್ತು ಹಾಕಿದೆ. ಮತ್ತೆ ಯಾಕೋ ಬೇಜಾರಾಗಿ ಎಡಕ್ಕೆ ಹೋಗಿ ಆಡಿದೆ. ಕತ್ತಲಾಗುವವರೆಗೆ ಆಡಿದೆ. ಎಷ್ಟು ಹಾಕಿದೆ ಎಂದು ಎಣಿಸಲು ಮರೆತೆ.

ಏಪ್ರಿಲ್ 26, ಶನಿವಾರ

ಶಹಾನಾ ಬಂದಳು. ಶಿರಿಯದಿಂದ ಬಸ್ಸಿನಲ್ಲಿ ಉಪ್ಪಳಕ್ಕೆ, ಅಲ್ಲಿಂದ ನಡೆದುಕೊಂಡು. ಉದ್ದ ತೋಳಿನ ಜೆರ್ಸಿ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫ್, ಕೈಯಲ್ಲಿ ಅವಳ ಉಮ್ಮ ಕಟ್ಟಿ ಕೊಟ್ಟ ಅಕ್ಕಿಯ ತೆಳು ರೊಟ್ಟಿ ಪತ್ತಿರಿಯ ಡಬ್ಬಿ. ಅವಳು ನಮ್ಮ ತಂಡದಲ್ಲಿ ಎಲ್ಲರಿಗಿಂತ ಎತ್ತರ. ರಿಂಗಿನ ಕೆಳಗಿನ ಜಾಗ ಅವಳದು. "ಒಬ್ಬಳೇ ಆಡಿ ಆಡಿ ಹುಚ್ಚು ಹಿಡಿಯಿತು ಮಾರಾಯ್ತಿ, ಒಟ್ಟಿಗೆ ಆಡುವ," ಎಂದಳು.

ಹದಿನೈದು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಫೈನಲಿನ ಮಾತು ಬಂತು.

"ನಾನು ಕೂಗಲೇ ಇಲ್ಲ ಅಂತ ನೀನು ಎಲ್ಲರತ್ರ ಹೇಳಿದ್ದೀಯಂತೆ. ಎಂತಕ್ಕೆ ಹಾಗೆ ಹೇಳಿದ್ದು?"

"ನಂಗೆ ಕೇಳ್ಲಿಲ್ಲ. ಅದಕ್ಕೆ ಹೇಳಿದೆ."

"ಮೂರು ಸಲ ಕೂಗಿದ್ದೇನೆ ಮೆರ್ಲಿ. ನನ್ನ ಗಂಟಲು ಎರಡು ದಿವಸ ಕೂತಿತ್ತು."

"ಹಾಗಾದ್ರೆ ಇನ್ನೂ ಜೋರು ಕೂಗ್ಬೇಕಿತ್ತು."

ಅವಳು ಚೆಂಡನ್ನು ನೆಲಕ್ಕಿಟ್ಟಳು. ಎಸೆಯಲಿಲ್ಲ, ಮೆಲ್ಲಗೆ ಇಟ್ಟಳು. "ಇನ್ನು ಮೇಲೆ ನಾನು ಕೂಗುದೇ ಇಲ್ಲ," ಎಂದಳು. "ಕೈ ಎತ್ತಿ ನಿಲ್ತೇನೆ. ನೋಡುದು ಬಿಡುದು ನಿನ್ನ ಇಷ್ಟ." ಅಷ್ಟು ಹೇಳಿ ಹೋದಳು. ಪತ್ತಿರಿಯ ಡಬ್ಬಿಯನ್ನು ಮಾವಿನ ಮರದ ಬುಡದಲ್ಲಿ ಬಿಟ್ಟು ಹೋದಳು.

ಅಜ್ಜಿ ಎಲ್ಲ ನೋಡಿದ್ದಾಳೆ, ಆದರೆ ಒಂದು ಮಾತೂ ಕೇಳಲಿಲ್ಲ. ಅದಕ್ಕಿಂತ ಬೈದರೆ ಒಳ್ಳೆಯದಿತ್ತು.

ಏಪ್ರಿಲ್ 29, ಮಂಗಳವಾರ

ಆಡಿದೆ. ಸುಮ್ಮನೆ.

ಮೇ 3, ಶನಿವಾರ

ನನಗೆ ಕೇಳಿಸಿತ್ತು.

ಮೂರು ಸಲವೂ ಅಲ್ಲ, ಆದರೆ ಒಂದು ಸಲ ಖಂಡಿತ ಕೇಳಿಸಿತ್ತು. "ಮೆರ್ಲೀ" ಎಂದು ಎಡಗಡೆಯಿಂದ. ಕೇಳಿಸಿಯೂ ಬಲಕ್ಕೆ ಹೋದೆ. ಯಾಕೆಂದರೆ ಎಡಕ್ಕೆ ಹೋದರೆ ಚೆಂಡು ಕೈ ತಪ್ಪುತ್ತದೆ ಎಂದು ಹೆದರಿಕೆ. ಇನ್ನೂ ಒಂದು ಕಾರಣವಿದೆ. ಕೊನೆಯ ಬಾಸ್ಕೆಟ್ ನಾನೇ ಹಾಕಬೇಕು ಎಂದಿತ್ತು. ಫೋಟೋ ನನ್ನದೇ ಬರಬೇಕು ಎಂದಿತ್ತು. ಈ ಪುಸ್ತಕಕ್ಕೂ ಮೊದಲ ದಿನ ಸುಳ್ಳು ಹೇಳಿದ್ದೇನೆ. ಯಾರೂ ಓದದ ಪುಸ್ತಕಕ್ಕೆ ಯಾಕೆ ಸುಳ್ಳು ಹೇಳಿದೆ ಎಂದು ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಬಸ್ಸು ಹತ್ತಿ ಶಿರಿಯಕ್ಕೆ ಹೋದೆ. ಖಾಲಿ ಡಬ್ಬಿ ಹಿಂದೆ ಕೊಡುವ ನೆಪ. ಖಾಲಿ ಡಬ್ಬಿ ಕೊಡಬಾರದು ಎಂದು ಅಜ್ಜಿ ಅದರ ತುಂಬ ಹಪ್ಪಳ ಹಾಕಿಕೊಟ್ಟಿದ್ದಳು. ಶಹಾನಾಳ ಅಪ್ಪ ಉಸ್ಮಾನಿಚ್ಚ ಅಂಗಡಿಯಲ್ಲಿದ್ದರು. "ಒಳಗುಂಟು ಅವಳು, ಹೋಗು ಮೋಳೇ," ಎಂದರು. ಅವಳು ಹಿತ್ತಲಿನಲ್ಲಿ ತೆಂಗಿನ ಮರಕ್ಕೆ ಕಟ್ಟಿದ ಬಳೆಗೆ ಚೆಂಡು ಎಸೆಯುತ್ತಿದ್ದಳು. ಪೀಪಾಯಿಯ ಬಳೆ, ಬಲೆಯ ತುಂಡು ಬಿಗಿದದ್ದು.

"ಕೇಳಿತ್ತು ನಂಗೆ," ಎಂದೆ. ಬೇರೆ ಎಂತ ಹೇಳಬೇಕೆಂದು ಬಸ್ಸಿನಲ್ಲಿ ತಯಾರಿ ಮಾಡಿಕೊಂಡದ್ದೆಲ್ಲ ಮರೆತು ಹೋಯಿತು.

ಅವಳು ಚೆಂಡು ಹಿಡಿದುಕೊಂಡು ನನ್ನ ಕಡೆ ತಿರುಗಿದಳು. "ಗೊತ್ತುಂಟು," ಎಂದಳು. "ನಿನ್ನ ಕಿವಿ ಕೆಂಪಾಗಿತ್ತು ಅವತ್ತು."

ಬೈಯಲಿಲ್ಲ. ಚೆಂಡು ಎಸೆದಳು. ಹಿಡಿದುಕೊಂಡೆ. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಮನಸ್ಸು ಹಗುರವಾಯಿತು.

ಮೇ 12, ಸೋಮವಾರ

ಶಹಾನಾ ಈಗ ವಾರಕ್ಕೆ ನಾಲ್ಕು ದಿನ ಬರುತ್ತಾಳೆ. ಕಾಗೆಗೆ ಅವಳದ್ದೊಂದು ಮದ್ದಿತ್ತು, ಕಡಪ್ಪುರದಲ್ಲಿ, ಕಡಲ ಬದಿಯಲ್ಲಿ, ಮೀನು ಒಣಗಿಸುವವರು ಮಾಡುವ ಹಾಗೆ ಕೋಲಿಗೆ ಕಪ್ಪು ಪ್ಲಾಸ್ಟಿಕ್ ಕಟ್ಟಿ ನೆಡುವುದು. ಎರಡು ದಿನ ಕಾಗೆಗಳು ಹೆದರಿದವು. ಮೂರನೆಯ ದಿನ ಆ ಕೋಲಿನ ಮೇಲೆಯೇ ಬಂದು ಕೂತವು. ಅಜ್ಜಿ ಕೋಲು ಕಿತ್ತು ಎಸೆದು, "ಮೆರ್ಲಿಯೇ ಸಾಕು," ಎಂದಳು.

ಚಾಪೆಗಳ ಆಚೆ ಈಚೆ ನಿಂತು ಪಾಸ್ ಮಾಡುತ್ತೇವೆ. ನೆಲಕ್ಕೆ ಪುಟಿಸುವ ಹಾಗಿಲ್ಲ, ಪುಟಿಸಿದರೆ ಹಪ್ಪಳ ಪುಡಿ. ಗಾಳಿಯಲ್ಲೇ ನೇರ ಅವಳ ಕೈಗೆ ಹೋಗಬೇಕು. ಶಹಾನಾ ಹೇಳಿದ ಹಾಗೆಯೇ ಮಾಡುತ್ತಾಳೆ, ಬಾಯಿ ಬಿಡುವುದಿಲ್ಲ. ಎಲ್ಲಿಯೋ ಓಡಿ ಹೋಗಿ ಕೈ ಎತ್ತಿ ನಿಲ್ಲುತ್ತಾಳೆ. ನಾನು ನನ್ನ ಬದಿಯಲ್ಲಿ ಚೆಂಡು ಪುಟಿಸಿ ಡ್ರಿಬಲ್ ಮಾಡುತ್ತ ಕಾಗೆ ಎಲ್ಲಿ, ಅವಳ ಕೈ ಎಲ್ಲಿ ಎಂದು ನೋಡಬೇಕು. ಇದರಿಂದ ನನ್ನ ಶಾಟ್ ಅಭ್ಯಾಸಕ್ಕೆ ಸಮಯ ಸಿಗುವುದಿಲ್ಲ. ಇವತ್ತು ಎಂಬತ್ತೂ ಆಗಿರಲಿಕ್ಕಿಲ್ಲ. ಜೂನಿನಲ್ಲಿ ಇದಕ್ಕೆ ಅನುಭವಿಸಬೇಕು.

ಶಹಾನಾಳಿಗೆ ಎಡಗಡೆಯಿಂದ ಬರುವ ಚೆಂಡು ಹಿಡಿದು ತಿರುಗುವಾಗ ಕಾಲು ತೊಡರುತ್ತಿತ್ತು. ಇವತ್ತು ಸರಿಯಾಯಿತು. ಒಂದೇ ಸಮನೆ ಹನ್ನೊಂದು ಹಾಕಿದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಎಂಥ ಖುಷಿ ಅವಳಿಗೆ!

ಮೇ 21, ಬುಧವಾರ

ಮಳೆಗಾಲಕ್ಕೆ ಇನ್ನೂ ಹತ್ತು ದಿನ ಇದೆ ಎಂದುಕೊಂಡಿದ್ದರೆ ಇವತ್ತೇ ಸುರಿಯಿತು.

ಅಜ್ಜಿ ಮತ್ತು ಹೆಂಗಸರು ಪಂಚಾಯತ್ ಕಚೇರಿಗೆ ಹೋಗಿದ್ದರು. ಅಂಕಣದಲ್ಲಿ ನಾನು, ಶಹಾನಾ, ಹದಿನಾಲ್ಕು ಚಾಪೆ. ಎಡಗಡೆಯಿಂದ ರಿಂಗಿಗೆ ಏರುತ್ತಿದ್ದೆ. ಆ ತುದಿಯ ಚಾಪೆಯ ಮೇಲೆ ಒಂದು ಹನಿ ಬಿದ್ದದ್ದು ಕಂಡಿತು. ಒಂದೇ ಹನಿ. ಚೆಂಡನ್ನು ಅಲ್ಲಿಯೇ ಬಿಟ್ಟು ಓಡಿದೆ. "ಎಂತಾಯ್ತು?" ಎಂದು ಶಹಾನಾ ಕೇಳುವಷ್ಟರಲ್ಲಿ ಎರಡು ಚಾಪೆ ಮಡಚಿಯಾಗಿತ್ತು. ಆಮೇಲೆ ಅವಳು ಒಂದು ತುದಿ, ನಾನು ಒಂದು ತುದಿ. ಶಾಲೆಯ ಜಗಲಿಗೆ ಹದಿನಾಲ್ಕನ್ನೂ ಸಾಗಿಸಿ ಮುಗಿಯಿತು, ಆಕಾಶವೇ ಬಿದ್ದ ಹಾಗೆ ಮಳೆ ಬಂತು.

ಅಜ್ಜಿ ಕೊಡೆ ಹಿಡಿದು ಏದುಸಿರು ಬಿಡುತ್ತ ಓಡಿ ಬಂದಳು. ಅಳುವ ಮುಖ. ಜಗಲಿಯಲ್ಲಿ ಚಾಪೆಗಳನ್ನು ನೋಡಿ ಅಲ್ಲೇ ಮೆಟ್ಟಿಲಿನಲ್ಲಿ ಕೂತುಬಿಟ್ಟಳು. ಒಂದೊಂದೇ ಬಿಚ್ಚಿ ಮುಟ್ಟಿ ನೋಡಿದಳು. ಒಂದೂ ಒದ್ದೆಯಾಗಿರಲಿಲ್ಲ.

ನನ್ನ ಚೆಂಡು ಮಾತ್ರ ಉರುಳಿ ಚರಂಡಿಗೆ ಬಿದ್ದು ಗದ್ದೆಯವರೆಗೆ ಹೋಗಿತ್ತು. ಸಂಜೆ ನೋಡಿದರೆ ಅಜ್ಜಿ ಅದನ್ನು ಹುಡುಕಿ ತಂದು, ಸಾಬೂನು ಹಾಕಿ ತೊಳೆದು, ಒಲೆಯ ಹತ್ತಿರ ಒಣಗಲು ಇಟ್ಟಿದ್ದಳು. ಬೆಂಕಿಯ ಹತ್ತಿರ ಇಟ್ಟರೆ ಒಡೆಯುತ್ತದೆ ಎಂದು ಹೇಳಿದೆ. "ಹಾಗಾದ್ರೆ ನಿನ್ನ ಮಂಚದ ಹತ್ತಿರ ಇಡು, ನಂಗೆ ಎಂತ ಗೊತ್ತು ನಿನ್ನ ಚೆಂಡಿನ ಮರ್ಮ?" ಎಂದಳು. ಸಿಟ್ಟಿನ ದನಿ, ಆದರೆ ಸಿಟ್ಟಲ್ಲ.

ಹಪ್ಪಳದ ಕೆಲಸ ಮುಗಿಯಿತು. ಅಂಕಣ ಪೂರ್ತಿ ನನಗೇ ಬಿಟ್ಟಿದ್ದಾರೆ, ಮಳೆಯೊಟ್ಟಿಗೆ.

ಜೂನ್ 9, ಸೋಮವಾರ

ಕಾಲೇಜು ಶುರುವಾಗಿ ಒಂದು ವಾರ. ದಿನಾ ಸಂಜೆ ತಗಡಿನ ಮಾಡಿನ ಅಂಕಣದಲ್ಲಿ ಅಭ್ಯಾಸ.

ಸರ್ ಪುಸ್ತಕ ಕೇಳಿದರು. ಕೊಟ್ಟೆ. ಪುಟ ತಿರುಗಿಸಿ ನೋಡಿದರು. "ಏಪ್ರಿಲ್ ಹತ್ತೊಂಬತ್ತರ ವರೆಗೆ ಉಂಟು. ಮತ್ತೆ? ಮತ್ತೆ ಮಲಗಿದ್ದಾ?"

"ಇಲ್ಲ ಸರ್. ಎಣಿಸ್ಲಿಕ್ಕೆ ಮರೆತೆ."

ಅವರು ಕನ್ನಡಕದ ಮೇಲಿನಿಂದ ನೋಡಿದರು, ಪುಸ್ತಕ ಮಡಚಿ ಹಿಂದೆ ಕೊಟ್ಟರು. ಆ ಪುಸ್ತಕ ನೋಡಿದ ಮೇಲೆ ನನಗೆ ಜಾಗ ಸಿಗುವುದಿಲ್ಲ, ಖಂಡಿತ.

ಸೋನಿಯಾ ಜೋರಾಗಿದ್ದಾಳೆ. ಗಾಳಿಯ ಹಾಗೆ ಓಡುತ್ತಾಳೆ. ಆದರೆ ತಲೆ ಕೆಳಗೆ. ಇವತ್ತು ಎರಡು ಸಲ ಕಂಬಕ್ಕೆ ಹೊಡೆದುಕೊಳ್ಳುವುದರಲ್ಲಿದ್ದಳು. ನೋಡಿ ನೋಡಿ ಸಾಕಾಗಿ ಹೇಳಿದೆ: "ಚೆಂಡು ಎಲ್ಲಿಯೂ ಹೋಗುದಿಲ್ಲ ಮಾರಾಯ್ತಿ, ಅದು ನಿನ್ನ ಕೈಗೇ ಬರ್ತದೆ. ನೀನು ಮೇಲೆ ನೋಡು. ಮಾಡಿನ ಮೇಲೆ ಎಷ್ಟು ತಗಡು ಉಂಟು ಅಂತ ಎಣಿಸ್ತಾ ಓಡು." ಅರ್ಧ ಗಂಟೆ ಅವಳೊಟ್ಟಿಗೆ ಓಡಿದೆ. ಹುಡುಗಿ ಬೇಗ ಕಲಿಯುತ್ತಾಳೆ. ಹದಿನೇಳು ತಗಡು ಎಂದು ಸರಿಯಾಗಿ ಹೇಳಿದಳು.

ನನ್ನ ಜಾಗಕ್ಕೆ ಬಂದವಳಿಗೆ ನಾನೇ ಕಲಿಸಿಕೊಟ್ಟೆ. ನನಗೆ ತಲೆ ಸರಿ ಇಲ್ಲ.

ಜೂನ್ 14, ಶನಿವಾರ

ಇವತ್ತು ಎಲ್ಲ ಬರೆಯಬೇಕು.

ಬೆಳಗಿನಿಂದ ಧಾರಾಕಾರ ಮಳೆ. ತಗಡಿನ ಮಾಡಿನ ಮೇಲೆ ಅದರ ಸದ್ದು ಎಷ್ಟೆಂದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಪಯ್ಯನ್ನೂರಿನವರು ಬಂದರು. ಆ ಇಬ್ಬರು ಹುಡುಗಿಯರೂ ಇದ್ದರು, ಹನ್ನೊಂದು ಮತ್ತು ನಾಲ್ಕನೆಯ ನಂಬರಿನವರು. ನನ್ನನ್ನು ನೋಡಿ ನಕ್ಕರು. ಹಳೆಯ ಪರಿಚಯ!

ಸರ್ ಐದು ಹೆಸರು ಬರೆದ ಚೀಟಿ ತೋರಿಸಿದರು. ಗಾರ್ಡ್: ಸೋನಿಯಾ.

ನಾನು ಬೆಂಚಿನಲ್ಲಿ ಕೂತೆ. ಎರಡೂವರೆ ತಿಂಗಳು ಇದಕ್ಕಾ ಎಂದು ಅನಿಸಿತು. ಆದರೆ ಆಟ ಶುರುವಾದ ಮೇಲೆ ಅದನ್ನು ಯೋಚಿಸಲು ಪುರುಸೊತ್ತೇ ಸಿಗಲಿಲ್ಲ. ಹನ್ನೊಂದನೆಯವಳು ಸೋನಿಯಾಳ ಎಡ ಭುಜದ ಹಿಂದಿನಿಂದ ಬಂದು ಚೆಂಡು ಕಸಿಯುತ್ತಿದ್ದಳು. ವಿರಾಮದಲ್ಲಿ ಸೋನಿಯಾಳನ್ನು ಹತ್ತಿರ ಕೂರಿಸಿ, ಕಿವಿಗೆ ಬಾಯಿ ಇಟ್ಟು ಹೇಳಿದೆ. ಅವಳಿಗೆ ನೀರಿನ ಬಾಟಲಿಯನ್ನೂ ಕೊಟ್ಟೆನಂತೆ, ಶಹಾನಾ ಆಮೇಲೆ ತಮಾಷೆ ಮಾಡಿದಳು.

ಅರ್ಧ ಆಟ ಮುಗಿಯುವಾಗ ನಾವು ಒಂಬತ್ತು ಅಂಕ ಹಿಂದೆ. ಸೋನಿಯಾ ಬೆವರಿ ಬಸವಳಿದಿದ್ದಳು. ಸರ್ ನನ್ನ ಕಡೆ ತಿರುಗಿ ಬೆರಳಿನಿಂದ ಅಂಕಣ ತೋರಿಸಿದರು. ಅಷ್ಟೇ.

ಹೋದೆ. ಬಲಕ್ಕೆ ನನಗಾಗಿ ಇಬ್ಬರು ಕಾಯುತ್ತಿದ್ದರು, ನಾನು ಎಡಕ್ಕೆ ಹೋದೆ. ಎಡಗೈಯಲ್ಲಿ ಏರಿ ಹಾಕಿದೆ, ಒಳಗೆ ಹೋಯಿತು. ಹನ್ನೊಂದನೆಯವಳ ಮುಖ ನೋಡಬೇಕಿತ್ತು! ಮತ್ತೆ ಎಡಕ್ಕೆ ಹೋದೆ. ಅವರು ಎಡಕ್ಕೆ ಬಂದಾಗ ಬಲಕ್ಕೆ ಹೋದೆ. ಅಂಕಣ ಎಷ್ಟು ದೊಡ್ಡದಿತ್ತು ಇವತ್ತು, ಎರಡು ಬದಿಯೂ ಇತ್ತು! ಮೂರನೆಯ ಭಾಗದಲ್ಲಿ ಒಂದು ಮಳೆಗೆ ನೆನೆದ ಕಾಗೆ ಒಳಗೆ ಬಂದು ಮಾಡಿನ ಅಡ್ಡಪಟ್ಟಿಯ ಮೇಲೆ ಕೂತಿತು. ಎಡಗೈಯಲ್ಲಿ ಡ್ರಿಬಲ್ ಮಾಡುತ್ತಿದ್ದೆ, ಬಲಗೈ ತನ್ನಷ್ಟಕ್ಕೆ ಎದ್ದು "ಹೂಶ್!" ಎಂದು ಬೀಸಿತು. ನಾಲ್ಕನೆಯವಳು ಗಾಬರಿಯಾಗಿ ಹಿಂದೆ ಸರಿದಳು. ಆ ಸಂದಿನಲ್ಲಿ ಪಾಸ್ ಕೊಟ್ಟೆ, ಬಾಸ್ಕೆಟ್ ಆಯಿತು. ಸರ್ ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಪಂದ್ಯ ಇಷ್ಟು ಬಿಗಿಯಾಗಿರುವಾಗ ಅವರಿಗೆ ನಗು ಎಲ್ಲಿಂದ ಬಂತೋ.

ಕೊನೆಯ ಒಂಬತ್ತು ಸೆಕೆಂಡ್. ಅವರು ನಲುವತ್ತೇಳು, ನಾವು ನಲುವತ್ತಾರು. ಚೆಂಡು ನನ್ನ ಕೈಯಲ್ಲಿ. ಪುನಃ ಅದೇ. ಮಳೆ ಇನ್ನೂ ಜೋರಾಯಿತು. ಯಾರು ಕೂಗಿದರೂ ಕೇಳಿಸುವ ಹಾಗಿರಲಿಲ್ಲ, ಯಾರೂ ಕೂಗಲಿಲ್ಲ.

ಎಡಕ್ಕೆ ಹೊರಟೆ. ಈ ಸಲ ಅವರಿಬ್ಬರೂ ಎಡಕ್ಕೇ ಬಂದರು, ಕಲಿತಿದ್ದಾರೆ. ಬಾಸ್ಕೆಟ್ ಕಾಣಿಸುತ್ತಿತ್ತು. ಹಾಕಬಹುದಿತ್ತೋ ಏನೋ. ಆದರೆ ಅವರಿಬ್ಬರ ತಲೆಯ ಆಚೆ ರಿಂಗಿನ ಕೆಳಗೆ ಒಂದು ಕೈ ಮೇಲೆದ್ದಿತ್ತು, ಉದ್ದ ತೋಳಿನ ಜೆರ್ಸಿಯ ಕೈ. ನಾನು ಯೋಚಿಸಲಿಲ್ಲ. ಎಡಗೈಯಿಂದ, ನೆಲ ಮುಟ್ಟಿಸದೆ, ಇಬ್ಬರ ತಲೆಯ ಮೇಲಿನಿಂದ ಎಸೆದೆ. ಹದಿನಾಲ್ಕು ಚಾಪೆ ದಾಟಿಸುವಷ್ಟು ಎತ್ತರದಲ್ಲಿ. ಶಹಾನಾ ಹಿಡಿದಳು, ತಿರುಗಿದಳು, ಕಾಲು ತೊಡರಲಿಲ್ಲ.

ಚೆಂಡು ಬಲೆಯೊಳಗೆ ಇಳಿದದ್ದನ್ನು ನೋಡಿದೆ. ಸೀಟಿ ಕೇಳಿಸಲೇ ಇಲ್ಲ. ಎಲ್ಲರೂ ಓಡಿ ಬಂದಾಗಲೇ ಮುಗಿಯಿತೆಂದು ಗೊತ್ತಾದದ್ದು. ಗೆದ್ದೆವು! ನಲುವತ್ತೆಂಟು, ನಲುವತ್ತೇಳು! ಎಲ್ಲರೂ ಶಹಾನಾಳನ್ನು ಎತ್ತಿಕೊಂಡು ಕುಣಿದರು. ನಾನೇ ಅವಳ ಒಂದು ಕಾಲು ಹಿಡಿದಿದ್ದೆ. ಅವಳು ಅಳುತ್ತಿದ್ದಳು, ನಗುತ್ತಿದ್ದಳು. ಸೋನಿಯಾ ನನ್ನ ಕುತ್ತಿಗೆಗೆ ಜೋತು ಬಿದ್ದಿದ್ದಳು. ಫೋಟೋದಲ್ಲಿ ಶಹಾನಾಳ ಮುಖ ಚೆನ್ನಾಗಿ ಬಂದಿದೆ. ನನ್ನದು ಯಾರದ್ದೋ ಮೊಣಕೈಯ ಹಿಂದೆ ಅರ್ಧ ಕಾಣುತ್ತದೆ.

ಸರ್ ಬಂದು ನನ್ನ ತಲೆಗೆ ಮೆಲ್ಲಗೆ ಕುಟ್ಟಿದರು. "ಈ ವರ್ಷ ಚೆಂಡು ನೀನೇ ತರುದು. ಸೋನಿಯಾ ನಿನ್ನ ಹಿಂದೆ. ಅವಳಿಗೆ ನೀನೇ ಕಲಿಸ್ಬೇಕು, ಆಯ್ತಾ?" ಮತ್ತೆ ಕೇಳಿದರು: "ರಜೆಯಲ್ಲಿ ಎಲ್ಲಿ ಕೋಚಿಂಗಿಗೆ ಹೋಗಿದ್ದೆ, ನಿಜ ಹೇಳು."

"ಎಲ್ಲಿಯೂ ಹೋಗ್ಲಿಲ್ಲ ಸರ್. ಮನೆಯಲ್ಲೇ ಇದ್ದೆ. ಅಭ್ಯಾಸ ಮಾಡ್ಲಿಕ್ಕೂ ಸರಿ ಆಗ್ಲಿಲ್ಲ, ಹಪ್ಪಳದ ಗಲಾಟೆಯಲ್ಲಿ," ಎಂದೆ. ನಿಜವನ್ನೇ ಹೇಳಿದ್ದು. ಅವರು ಪುನಃ ನಕ್ಕರು.

ಶಹಾನಾಳನ್ನು ಕರೆದುಕೊಂಡೇ ಮನೆಗೆ ಬಂದೆ. ಅಜ್ಜಿ ಬಾಗಿಲಿನಲ್ಲಿಯೇ ಕಾಯುತ್ತಿದ್ದಳು. ನಮ್ಮ ಮುಖ ನೋಡಿಯೇ ಗೊತ್ತಾಯಿತು ಅವಳಿಗೆ. ಒಳಗೆ ಹೋಗಿ ಬಿಸ್ಕೆಟಿನ ಹಳೇ ಡಬ್ಬಿ ತೆಗೆದಳು. ಚೆಂಡಿನ ಚುಕ್ಕಿಯ ಹಪ್ಪಳಗಳು. ಇಷ್ಟು ದಿನ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಒಲೆಯ ಮುಂದೆ ಕೂತು ಒಂದೊಂದಾಗಿ ಕರಿದಳು. ಎಣ್ಣೆಯಲ್ಲಿ ಅರಳಿದ ಮೇಲೂ ಚುಕ್ಕಿ ಹಾಗೆಯೇ ಇತ್ತು. ಶಹಾನಾ ನೋಡಿ ಬಿದ್ದು ಬಿದ್ದು ನಕ್ಕಳು.

"ನೀನು ಎಷ್ಟು ಹಾಕಿದೆ?" ಎಂದು ಅಜ್ಜಿ ಕೇಳಿದಳು.

"ಗೊತ್ತಿಲ್ಲ. ಕೊನೆಯದ್ದು ಶಹಾನಾ ಹಾಕಿದ್ದು."

"ಚೆಂಡು ಕೊಟ್ಟದ್ದು ಯಾರು?"

"ಮೆರ್ಲಿ, ಅಜ್ಜಿ," ಎಂದಳು ಶಹಾನಾ. "ಎಡಗೈಯಲ್ಲಿ ಕೊಟ್ಟಳು."

ಅಜ್ಜಿ ಝಾರೆಯನ್ನು ಬಾಣಲೆಯ ಅಂಚಿಗೆ ಒರಗಿಸಿ ಅವಳ ಕಡೆ ತಿರುಗಿದಳು. "ನೀನು ತಗೊಂಡಿಯಾ ಮಗಾ?"

"ತಗೊಂಡೆ ಅಜ್ಜಿ."

ನಾನು ಬಟ್ಟಲಿಗೆ ನಾಲ್ಕು ಹಪ್ಪಳ ಹಾಕಿ ಅಜ್ಜಿಗೆ ಕೊಡಲು ಹೊರಟಿದ್ದೆ. ಬಲಗೈಯಲ್ಲಿ ಹಿಡಿದಿದ್ದೆ. ಅವಳು ಅದನ್ನು ನೋಡಿ ತಲೆ ಅಲ್ಲಾಡಿಸಿದಳು, ಎರಡು ಕೈಯನ್ನೂ ಸೆರಗಿಗೆ ಒರೆಸಿಕೊಂಡಳು, ಮತ್ತೆ ಮುಂದೆ ಚಾಚಿದಳು.

"ಆ ಕೈಯಲ್ಲಿ ಕೊಡು," ಎಂದಳು.